‘ಅಗ್ನಿ’ ಚಿತ್ರ ಹೇಳಿದ್ದು, ಹೇಳದೆ ಬಿಟ್ಟದ್ದು

ಹಿಂದಿ ಇರಲಿ, ಕನ್ನಡ ಇರಲಿ, ನಮ್ಮ ಸಿನಿಮಾಗಳಲ್ಲಿ ಪೊಲೀಸ್ ನಾಯಕರಿಗೆ ಬರವಿಲ್ಲ. ಸೈನಿಕರ ಮೇಲೂ ವರ್ಷಕ್ಕೆ ಒಂದೆರಡು ಚಿತ್ರ ಬಂದೇ ಬರುತ್ತವೆ. ಆದರೆ ಬೆಂಕಿ ಹತ್ತಿದ ಕಟ್ಟಡದಿಂದ ಎಲ್ಲರೂ ಹೊರಗೆ ಓಡುವಾಗ ಅದರ ಒಳಗೆ ಹೋಗುವ ಅಗ್ನಿಶಾಮಕ ಸಿಬ್ಬಂದಿಯ ಮೇಲೆ ಬಂದ ಚಿತ್ರಗಳು ಬೆರಳೆಣಿಕೆಯಷ್ಟು. ಮಲಯಾಳದಲ್ಲಿ 2015ರಲ್ಲಿ ಮಮ್ಮೂಟ್ಟಿ ನಟಿಸಿದ ‘ಫೈರ್‌ಮ್ಯಾನ್’ ಬಂದಿತ್ತು. ಹಿಂದಿಯಲ್ಲಿ 2024ರ ಡಿಸೆಂಬರ್ 6ರಂದು ಅಮೆಜಾನ್ ಪ್ರೈಮ್‌ನಲ್ಲಿ ‘ಅಗ್ನಿ’ ಬಿಡುಗಡೆಯಾಯಿತು. ನಮ್ಮ ಕಾಲೇಜಿನಲ್ಲಿ ಹಲವರು ಅದನ್ನು ಮೊಬೈಲಿನಲ್ಲಿ ನೋಡಿದ್ದಾರೆ, ಅದರ ಬಗ್ಗೆ ಚರ್ಚೆಯೂ ನಡೆದಿದೆ. ಆ ಚರ್ಚೆ ಹೆಚ್ಚಾಗಿ ‘ಬೆಂಕಿ ಹಚ್ಚಿದವರು ಯಾರು’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಚಿತ್ರದ ಬಲವೂ ದೌರ್ಬಲ್ಯವೂ ಅದೇ ಪ್ರಶ್ನೆಯ ಸುತ್ತ ಇವೆ ಎಂಬುದು ನನ್ನ ಅಭಿಪ್ರಾಯ.

ಕಾಲೇಜಿನ ಪತ್ರಿಕೆಯಲ್ಲಿ ಸಿನಿಮಾ ಕುರಿತ ಬರಹ ಯಾಕೆ ಎಂದು ಕೆಲವು ಹಿರಿಯರು ಕೇಳಬಹುದು. ಸಿನಿಮಾ ಇಲ್ಲಿ ನೆಪ ಮಾತ್ರ. ಬೆಂಕಿಯ ವಿಷಯ ನಮ್ಮ ಅಡುಗೆಮನೆ, ಹೊಲ, ಹಾಸ್ಟೆಲ್, ಪ್ರಯೋಗಾಲಯ ಎಲ್ಲಕ್ಕೂ ಸೇರಿದ್ದು.

ಮೊದಲು ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮುಂಬೈಯಲ್ಲಿ ಒಂದರ ಹಿಂದೆ ಒಂದು ನಿಗೂಢ ಬೆಂಕಿ ಅನಾಹುತಗಳು ನಡೆಯುತ್ತವೆ. ಅಗ್ನಿಶಾಮಕ ಅಧಿಕಾರಿ ವಿಠ್ಠಲನಿಗೆ ಇವು ಆಕಸ್ಮಿಕವಲ್ಲ ಎಂಬ ಅನುಮಾನ ಹುಟ್ಟುತ್ತದೆ. ಈ ಪಾತ್ರವನ್ನು ಪ್ರತೀಕ್ ಗಾಂಧಿ ಮಾಡಿದ್ದಾರೆ. ಅವನ ಹೆಂಡತಿಯ ತಮ್ಮ ಸಮಿತ್ ಪೊಲೀಸ್ ಅಧಿಕಾರಿ. ಅದು ದಿವ್ಯೇಂದು ಅವರ ಪಾತ್ರ. ಭಾವ–ಭಾಮೈದ ಇಬ್ಬರಿಗೂ ಆಗಿಬರುವುದಿಲ್ಲ. ಆದರೂ ಇಬ್ಬರೂ ಸೇರಿ ಅಪರಾಧಿಯನ್ನು ಹುಡುಕಬೇಕಾಗುತ್ತದೆ. ಸಯ್ಯಾಮಿ ಖೇರ್, ಸಾಯಿ ತಾಮ್ಹಣಕರ್, ಜಿತೇಂದ್ರ ಜೋಶಿ ಇತರ ಮುಖ್ಯ ಪಾತ್ರಗಳಲ್ಲಿದ್ದಾರೆ. ನಿರ್ದೇಶಕರು ರಾಹುಲ್ ಧೋಲಾಕಿಯಾ. ‘ಪರ್ಜಾನಿಯಾ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ನಂತರ ಶಾರುಖ್ ಖಾನ್ ಅವರ ‘ರಯೀಸ್’ ಮಾಡಿದವರು. ಕೊನೆಗೆ ಸಿಕ್ಕವರು ಯಾರು ಎಂದು ನಾನು ಹೇಳುವುದಿಲ್ಲ. ಇನ್ನೂ ನೋಡದವರ ಕುತೂಹಲ ಕೆಡಿಸಬಾರದು.

ಚಿತ್ರದ ಒಳ್ಳೆಯ ಅಂಶಗಳು ಹಲವು. ಮೊದಲನೆಯದು, ಗೌರವದ ಪ್ರಶ್ನೆಯನ್ನು ಅದು ಮನೆಯೊಳಗೇ ತಂದಿಟ್ಟಿರುವುದು. ವಿಠ್ಠಲನ ಸ್ವಂತ ಮಗನಿಗೇ ಪೊಲೀಸ್ ಮಾವನೇ ಹೀರೋ. ಪ್ರತಿದಿನ ಜೀವ ಪಣಕ್ಕಿಡುವ ಅಪ್ಪ ಅವನ ಕಣ್ಣಿಗೆ ದೊಡ್ಡವನಾಗಿ ಕಾಣುವುದಿಲ್ಲ. ಇದು ನಮ್ಮೆಲ್ಲರ ಮನೆಯ ಮಾತೇ. ‘ಮುಂದೆ ಏನಾಗ್ತೀಯಾ’ ಎಂದು ಕೇಳಿದರೆ ನಾವು ಡಾಕ್ಟರ್, ಇಂಜಿನಿಯರ್, ಪಿಎಸ್‌ಐ, ಕೆಎಎಸ್ ಅನ್ನುತ್ತೇವೆ. ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡುತ್ತೇನೆ ಎಂದವರನ್ನು ನಾನು ಇದುವರೆಗೆ ನೋಡಿಲ್ಲ. ಖಾಕಿಗೆ ಸಿಗುವ ಭಯಭಕ್ತಿ ಈ ಕೆಲಸಕ್ಕೆ ಯಾಕಿಲ್ಲ ಎಂಬ ಪ್ರಶ್ನೆಯನ್ನು ಪ್ರತೀಕ್ ಗಾಂಧಿ ಕಣ್ಣಿನಲ್ಲೇ ಕೇಳುತ್ತಾರೆ, ಕೂಗಾಡುವುದಿಲ್ಲ. ಅವರ ಅಭಿನಯ ಇಡೀ ಚಿತ್ರವನ್ನು ಎತ್ತಿ ಹಿಡಿದಿದೆ.

ಎರಡನೆಯದು, ಪಾತ್ರಗಳು ದೊಡ್ಡ ಮನುಷ್ಯರಲ್ಲ. ಬಾಡಿಬಿಲ್ಡರ್ ನಾಯಕ ಬಂದು ಒಬ್ಬನೇ ಹತ್ತು ಜನರನ್ನು ಹೊತ್ತು ತರುವ ಸಿನಿಮಾ ಇದಲ್ಲ. ಸಾಮಾನ್ಯ ಮರಾಠಿ ಕುಟುಂಬ, ಅವರ ಮರಾಠಿ ಬೆರೆತ ಹಿಂದಿ. ಸೊಲ್ಲಾಪುರ, ಅಕ್ಕಲಕೋಟೆ ಪಕ್ಕದಲ್ಲೇ ಇರುವ ಆಳಂದ ಮತ್ತು ಅಫಜಲಪುರ ತಾಲೂಕಿನವರಿಗೆ ಆ ಮಾತು ಪರಕೀಯ ಅನಿಸುವುದಿಲ್ಲ.

ಮೂರನೆಯದು, ಅವನಿ ಎಂಬ ಮಹಿಳಾ ಸಿಬ್ಬಂದಿಯ ಪಾತ್ರ. ಸಯ್ಯಾಮಿ ಖೇರ್ ಇದನ್ನು ಅಲಂಕಾರಕ್ಕೆ ಮಾಡಿಲ್ಲ. ಇದು ಕಲ್ಪನೆಯೂ ಅಲ್ಲ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ ಹರ್ಷಿಣಿ ಕಾನ್ಹೇಕರ್ 2002ರಲ್ಲಿ ಸೇರಿ, ಗಂಡಸರೇ ಓದುತ್ತಿದ್ದ ಫೈರ್ ಇಂಜಿನಿಯರಿಂಗ್ ಓದಿ, ದೇಶದ ಮೊದಲ ಮಹಿಳಾ ಅಗ್ನಿಶಾಮಕಿ ಎನಿಸಿಕೊಂಡರು. ವಿಜ್ಞಾನ ವಿಭಾಗದ ನಮ್ಮ ಸಹೋದರಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ನೀಟ್, ಸಿಇಟಿ ಬಿಟ್ಟರೆ ದಾರಿಯೇ ಇಲ್ಲ ಎಂದುಕೊಂಡವರಿಗೆ ಇಲ್ಲಿ ಒಂದು ದಾರಿ ಇದೆ.

ಇನ್ನು ಕೊರತೆಗಳು. ಸಣ್ಣವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಲವು ಕಡೆ ಕಂಪ್ಯೂಟರಿನ ಬೆಂಕಿ ಕಂಪ್ಯೂಟರಿನ ಬೆಂಕಿಯಂತೆಯೇ ಕಾಣುತ್ತದೆ. ‘ನಮಗೆ ಯಾರೂ ಗೌರವ ಕೊಡುವುದಿಲ್ಲ’ ಎಂಬ ಮಾತನ್ನು ಪಾತ್ರಗಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದ್ದಾರೆ. ತೋರಿಸಿದ ಮೇಲೆ ಹೇಳುವ ಅಗತ್ಯ ಇರಲಿಲ್ಲ. ಠಾಣೆಯ ಉಳಿದ ಸಿಬ್ಬಂದಿಯ ಹೆಸರುಗಳೂ ನಮಗೆ ನೆನಪಿನಲ್ಲಿ ಉಳಿಯುವುದಿಲ್ಲ. ಪೊಲೀಸರಿಗಿಂತ ಇವರು ಕಡಿಮೆಯಲ್ಲ ಎಂದು ಹೇಳಲು ಹೊರಟ ಚಿತ್ರ, ಅರ್ಧಕ್ಕೆ ಬರುವ ಹೊತ್ತಿಗೆ ತಾನೇ ಒಂದು ಪೊಲೀಸ್ ಚಿತ್ರವಾಗಿಬಿಡುತ್ತದೆ. ಬೆಂಕಿ ಆರಿಸುವವನ ಕೈಯಿಂದ ಹೋಸ್ ಪೈಪ್ ಕಿತ್ತುಕೊಂಡು ಪತ್ತೇದಾರಿ ಕೆಲಸ ಕೊಟ್ಟ ಹಾಗಾಯಿತು.

ದೊಡ್ಡ ಕೊರತೆ ಇಲ್ಲಿಂದಲೇ ಹುಟ್ಟುತ್ತದೆ. ಬೆಂಕಿಗೆ ಒಬ್ಬ ಖಳನಾಯಕ ಬೇಕು ಎಂದು ಚಿತ್ರ ತೀರ್ಮಾನಿಸಿದೆ. ಯಾರೋ ಒಬ್ಬರು ಬೇಕಂತಲೇ ಹಚ್ಚಿದ್ದಾರೆ, ಅವರು ಸಿಕ್ಕರೆ ಸಮಸ್ಯೆ ಮುಗಿಯಿತು. ಅಮೆರಿಕದ ‘ಬ್ಯಾಕ್‌ಡ್ರಾಫ್ಟ್’ ಚಿತ್ರದಿಂದಲೂ (1991) ಇದೇ ಹಳೆಯ ಸೂತ್ರ. ಆದರೆ ನಮ್ಮ ದೇಶದಲ್ಲಿ ಹೆಚ್ಚು ಜನರನ್ನು ಕೊಂದ ಬೆಂಕಿಗಳನ್ನು ನೋಡಿ. ಅವುಗಳಲ್ಲಿ ಕಡ್ಡಿ ಗೀರಿದ ಕೈ ಕಾಣುವುದಿಲ್ಲ. ಅಲ್ಲಿ ಕಾಣುವುದು ಬೀಗ, ಮುಚ್ಚಿದ ದಾರಿ, ಸಡಿಲ ತಂತಿ, ‘ಏನಾಗುತ್ತೆ ಬಿಡು’ ಎಂಬ ಮಾತು.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಸಿನಿಮಾ ನಡೆಯುತ್ತಿತ್ತು. ಕೆಳಗಿನ ಪಾರ್ಕಿಂಗ್ ಜಾಗದ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಹೊತ್ತಿ ಹೊಗೆ ಬಾಲ್ಕನಿಗೆ ಏರಿತು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಲು ಹೊರಹೋಗುವ ದಾರಿಯನ್ನೇ ಮುಚ್ಚಿದ್ದರು. 59 ಜನ ತೀರಿಕೊಂಡರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಮನೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅದೇ ಊರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು 9 ಜನ ತೀರಿಕೊಂಡರು. ಕೆಲವರು ಹೊಗೆಗೆ ಉಸಿರುಗಟ್ಟಿ, ಕೆಲವರು ದಾರಿ ಕಾಣದೆ ಮೇಲಿನಿಂದ ಜಿಗಿದು.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಹತ್ತಿರ ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. ಹೊರಗೆ ಬರಲಾಗದ ಏಳೆಂಟು ಪ್ರಯಾಣಿಕರು ಒಳಗೇ ಸುಟ್ಟುಹೋದರು. ಕಲಬುರಗಿಯಿಂದ ಬೀದರ ಕಡೆಗೆ ಹೋಗುವ ನಮ್ಮಲ್ಲಿ ಅನೇಕರು ಆ ರಸ್ತೆಯಲ್ಲೇ ಓಡಾಡುತ್ತೇವೆ.

ಇವುಗಳಲ್ಲಿ ವಿಠ್ಠಲನೂ ಸಮಿತನೂ ಸೇರಿ ಹಿಡಿಯಬಹುದಾದ ಖಳನಾಯಕ ಎಲ್ಲಿದ್ದಾನೆ? ತಪ್ಪಿತಸ್ಥರು ಇಲ್ಲ ಎಂದು ನಾನು ಹೇಳುತ್ತಿಲ್ಲ. ಅವರಿದ್ದಾರೆ. ಆದರೆ ಅವರು ರಾತ್ರಿ ಮುಖ ಮುಚ್ಚಿಕೊಂಡು ಬರುವವರಲ್ಲ. ಸಹಿ ಹಾಕಿದವರು, ಬೀಗ ಹಾಕಿದವರು, ನೋಡಿಯೂ ಸುಮ್ಮನಿದ್ದವರು. ಆ ಪಟ್ಟಿಯ ಕೊನೆಗೆ ನಾವೂ ಬರುತ್ತೇವೆ. ‘ಅಗ್ನಿ’ ನಮ್ಮನ್ನು ಆ ಪಟ್ಟಿಯಿಂದ ಬಿಡಿಸಿ ಮನೆಗೆ ಕಳಿಸುತ್ತದೆ. ಅಪರಾಧಿ ಸಿಕ್ಕ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಸಮಾಧಾನ ಕೊಡುತ್ತದೆ. ನನಗೆ ತೊಂದರೆ ಅನಿಸಿದ್ದು ಈ ಸಮಾಧಾನವೇ.

‘ಸಿನಿಮಾ ಅಂದಮೇಲೆ ಸಸ್ಪೆನ್ಸ್ ಬೇಡವೇ? ಪಾಠ ಬೇಕಿದ್ದರೆ ಪುಸ್ತಕ ಓದಿದರಾಯಿತು’ ಎಂದು ಗೆಳೆಯರು ವಾದಿಸಿದರು. ಅವರ ಮಾತಿನಲ್ಲಿ ನಿಜ ಇದೆ. ಸಸ್ಪೆನ್ಸ್ ಇಲ್ಲದಿದ್ದರೆ ಎಷ್ಟೋ ಜನ ಈ ಚಿತ್ರ ನೋಡುತ್ತಿರಲಿಲ್ಲ, ನೋಡದಿದ್ದರೆ ಅಗ್ನಿಶಾಮಕರ ಬಗ್ಗೆ ಈ ಮಟ್ಟಿಗೂ ಯೋಚಿಸುತ್ತಿರಲಿಲ್ಲ. ಆದರೆ ಖಳನಾಯಕನಿಲ್ಲದೆಯೂ ಮನಸ್ಸು ಕಲಕುವ ಕಥೆ ಹೇಳಿದವರಿದ್ದಾರೆ. ಅಮೆರಿಕದ ‘ಓನ್ಲಿ ದಿ ಬ್ರೇವ್’ (2017) ಚಿತ್ರ 2013ರ ಜೂನ್ 30ರಂದು ಅರಿಜೋನಾದ ಕಾಳ್ಗಿಚ್ಚಿನಲ್ಲಿ ಒಟ್ಟಿಗೆ ಸತ್ತ 19 ಅಗ್ನಿಶಾಮಕರ ನಿಜಕಥೆ. ಅದರಲ್ಲಿ ಎದುರಾಳಿ ಗಾಳಿ ಮತ್ತು ಬೆಂಕಿ, ಅಷ್ಟೇ. ನಮ್ಮಲ್ಲೇ ಉಪಹಾರ್ ದುರಂತದ ಮೇಲೆ 2023ರಲ್ಲಿ ‘ಟ್ರಯಲ್ ಬೈ ಫೈರ್’ ಸರಣಿ ಬಂದಿದೆ. ಇಬ್ಬರು ಮಕ್ಕಳನ್ನು ಆ ಚಿತ್ರಮಂದಿರದಲ್ಲಿ ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಕಥೆ ಅದು. ಒಂದು ಮುಚ್ಚಿದ ಬಾಗಿಲಿನ ಹಿಂದೆ ಎಷ್ಟು ಜನರ ನಿರ್ಲಕ್ಷ್ಯ ಇರುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಮುಂಬೈಯನ್ನೇ ಕಥೆಗೆ ಆರಿಸಿಕೊಂಡವರಿಗೆ ಇನ್ನೂ ದೊಡ್ಡ ಕಥೆ ಕೈಯಳತೆಯಲ್ಲೇ ಇತ್ತು. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ಹತ್ತಿತು. ಆ ಹಡಗಿನಲ್ಲಿ ಸ್ಫೋಟಕಗಳೂ ಹತ್ತಿ ಮೂಟೆಗಳೂ ಒಟ್ಟಿಗೆ ಇದ್ದವು. ಅಗ್ನಿಶಾಮಕರು ನೀರು ಹಾಕುತ್ತಲೇ ಇದ್ದಾಗ ಹಡಗು ಸಿಡಿಯಿತು. 66 ಅಗ್ನಿಶಾಮಕರು ಕರ್ತವ್ಯದಲ್ಲಿದ್ದಂತೆಯೇ ಪ್ರಾಣ ಬಿಟ್ಟರು. ಅವರ ನೆನಪಿಗೆ ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುತ್ತಾರೆ, ಅಂದಿನಿಂದ ಒಂದು ವಾರ ಜಾಗೃತಿ ಸಪ್ತಾಹ ನಡೆಯುತ್ತದೆ. ಅದೇ ದಿನ ಡಾ. ಅಂಬೇಡ್ಕರ್ ಜಯಂತಿ; ನಮಗೆ ರಜೆಯ ಕಾಲ ಬೇರೆ. ಹಾಗಾಗಿ ಪಿಯು ವಿದ್ಯಾರ್ಥಿಗಳಿಗೆ ಈ ಇನ್ನೊಂದು ನೆನಪು ತಲುಪುವುದೇ ಇಲ್ಲ.

ಹತ್ತಿ ಎಂದಾಗ ನಮ್ಮ ಕಡೆಯ ಮಾತು ಬಂತು. ಜೇವರ್ಗಿ ಕಡೆ ದರ ಏರಲಿ ಎಂದು ಹತ್ತಿಯನ್ನು ಮನೆಯ ಕೋಣೆಯಲ್ಲೇ ತುಂಬಿಡುವುದನ್ನು ನೀವೆಲ್ಲ ನೋಡಿದ್ದೀರಿ. ಹತ್ತಿಗೆ ಹತ್ತಿದ ಕಿಡಿ ಮೇಲೆ ಕಾಣುವುದಿಲ್ಲ, ಒಳಗೊಳಗೇ ಕಮರುತ್ತಾ ಹೋಗುತ್ತದೆ. ಅದೇ ಕೋಣೆಯಲ್ಲಿ ಮೊಬೈಲ್ ಚಾರ್ಜರ್, ಸೊಳ್ಳೆಬತ್ತಿ, ಹಳೆಯ ವೈರು ಎಲ್ಲ ಇರುತ್ತವೆ. ಅಫಜಲಪುರ, ಆಳಂದ ಕಡೆ ಕಬ್ಬಿನ ಗದ್ದೆ. ಬೇಸಿಗೆ ಗಾಳಿಗೆ ವಿದ್ಯುತ್ ತಂತಿ ಒಂದಕ್ಕೊಂದು ತಾಗಿ ಕಿಡಿ ಉದುರಿದರೂ ಸಾಕು, ಪಕ್ಕದ ಹೊಲದವರು ರವದಿಗೆ ಹಚ್ಚಿದ ಬೆಂಕಿ ಬದು ದಾಟಿದರೂ ಸಾಕು, ಬೆಳೆದು ನಿಂತ ಕಬ್ಬು ನೋಡನೋಡುತ್ತಾ ಹೋಗುತ್ತದೆ. ಸುಟ್ಟ ಕಬ್ಬನ್ನು ಬೇಗ ಕಡಿದು ಸಾಗಿಸದಿದ್ದರೆ ತೂಕ ಇಳಿಯುತ್ತದೆ, ರೈತ ಕಡಿಮೆ ದರಕ್ಕೆ ಒಪ್ಪಲೇಬೇಕಾಗುತ್ತದೆ. ಮೇವಿನ ಬಣವೆಯ ಕಥೆಯೂ ಅಷ್ಟೇ. ಗಡಿಯ ಹಳ್ಳಿಗಳಿಂದ ತಾಲೂಕು ಕೇಂದ್ರ ದೂರ, ರಸ್ತೆ ನಮಗೆ ಗೊತ್ತಿರುವಂಥದ್ದೇ. ಅಗ್ನಿಶಾಮಕ ವಾಹನ ಎಷ್ಟೇ ಬೇಗ ಹೊರಟರೂ ಅದು ಬಂದು ಮುಟ್ಟುವ ಹೊತ್ತಿಗೆ ಬಣವೆ ಬೂದಿಯಾಗಿರುತ್ತದೆ. ಆಗ ಜನ ವಾಹನದವರ ಮೇಲೆ ಸಿಟ್ಟಾಗುತ್ತಾರೆ. ‘ಅಗ್ನಿ’ಯಲ್ಲಿ ವಿಠ್ಠಲ ಕೇಳುವ ಗೌರವದ ಪ್ರಶ್ನೆ ಮುಂಬೈಯದು ಮಾತ್ರವಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಹಾಗಾದರೆ ವಾಹನ ಬರುವ ಮೊದಲಿನ ಹತ್ತಿಪ್ಪತ್ತು ನಿಮಿಷ ಯಾರದು? ಅಲ್ಲಿ ಇರುವವರದು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಹೊತ್ತಿ ಉರಿದ ಸುದ್ದಿ ಬಂದಾಗ ಪ್ರವಾದಿ ಮುಹಮ್ಮದ್ (ಸ) ಅವರು, ಬೆಂಕಿ ನಿಮ್ಮ ವೈರಿ, ಮಲಗುವ ಮುಂಚೆ ಅದನ್ನು ಆರಿಸಿ ಎಂಬ ಅರ್ಥದ ಬುದ್ಧಿ ಹೇಳಿದ್ದು ಹದೀಸಿನಲ್ಲಿದೆ. ಬೆಂಕಿ ಯಾರು ಹಚ್ಚಿದರು ಎಂಬ ವಿಚಾರಣೆ ಅಲ್ಲಿ ಇಲ್ಲ, ಪ್ರತಿ ಮನೆಯವರೂ ಮಲಗುವ ಮುಂಚೆ ಏನು ಮಾಡಬೇಕು ಎಂಬುದಿದೆ. ದೀಪದ ಜಾಗದಲ್ಲಿ ಇಂದು ಗ್ಯಾಸಿನ ರೆಗ್ಯುಲೇಟರ್, ಚಾರ್ಜರ್, ಹೀಟರ್ ಇಟ್ಟು ನೋಡಿ. ಮಾತು ಹಳೆಯದಾಗಿಲ್ಲ. ಈ ಬುದ್ಧಿ ಯಾವ ಧರ್ಮದ ಮನೆಗೂ ಸಲ್ಲುವಂಥದ್ದು.

ಈಗ ನಮ್ಮ ಕಾಲೇಜಿನ ವಿಷಯ. ಕಾರಿಡಾರಿನಲ್ಲಿ ಕೆಂಪು ಸಿಲಿಂಡರ್ ತೂಗುಹಾಕಿದೆ. ಅದನ್ನು ಬಳಸುವುದು ಹೇಗೆ ಎಂದು ನಾನು ನಮ್ಮ ತರಗತಿಯಲ್ಲಿ ಕೇಳಿದೆ. ಖಚಿತವಾಗಿ ಹೇಳಿದವರು ಒಬ್ಬರೂ ಇಲ್ಲ. ಹಿಂದಿನ ಗೇಟಿಗೆ ಬೀಗ ಇರುತ್ತದೆ, ಕೀಲಿ ಕಚೇರಿಯಲ್ಲಿ ಇರುತ್ತದೆ. ವಿದ್ಯಾರ್ಥಿಗಳು ಹೊರಗೆ ಹೋಗಬಾರದು ಎಂಬ ಒಳ್ಳೆಯ ಉದ್ದೇಶಕ್ಕೇ ಆ ಬೀಗ, ಅದು ನನಗೆ ಗೊತ್ತು. ಮೆಟ್ಟಿಲ ಕೆಳಗೆ ಮುರಿದ ಬೆಂಚುಗಳ ರಾಶಿ ಇದೆ. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸ್ಪಿರಿಟ್ ಮತ್ತು ಬರ್ನರ್ ಒಂದೇ ಮೇಜಿನ ಮೇಲೆ ಇರುತ್ತವೆ. ಇದನ್ನು ದೂರು ಎಂದು ತಿಳಿಯಬೇಡಿ. ಯಾವ ಕಾಲೇಜಿಗೆ ಹೋದರೂ ಇದೇ ಚಿತ್ರ ಸಿಗುತ್ತದೆ. ಆದರೆ ಕುಂಭಕೋಣದ ನಂತರ, 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಸಿಬ್ಬಂದಿಗೆ ತರಬೇತಿ ಇರಬೇಕು ಎಂದು ಆದೇಶಿಸಿದೆ. ಸಿಲಿಂಡರ್ ತೂಗುಹಾಕಿದರೆ ಆದೇಶದ ಅರ್ಧ ಪಾಲಿಸಿದಂತೆ, ಇನ್ನರ್ಧ ಬಾಕಿ ಇದೆ.

ಆದ್ದರಿಂದ ಆಡಳಿತ ಮಂಡಳಿಗೂ ಪ್ರಾಂಶುಪಾಲರಿಗೂ ನಾಲ್ಕು ವಿನಂತಿ. ಮೊದಲನೆಯದು, ಹೊಸ ಶೈಕ್ಷಣಿಕ ವರ್ಷ ಆರಂಭವಾದ ಮೊದಲ ತಿಂಗಳಲ್ಲೇ ಸ್ಥಳೀಯ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಅಣಕು ಪ್ರದರ್ಶನ ಮಾಡಿಸಬೇಕು. ಪತ್ರ ಬರೆದು ಕೇಳಿದರೆ ಅವರು ಬಂದು ತೋರಿಸಿಕೊಡುತ್ತಾರೆ. ಎರಡನೆಯದು, ತರಗತಿ ನಡೆಯುವ ಹೊತ್ತಿನಲ್ಲಿ ಹಿಂದಿನ ಗೇಟಿನ ಕೀಲಿ ಅಲ್ಲೇ ಕಾವಲುಗಾರರ ಕೈಯಲ್ಲಿ ಇರಬೇಕು. ಮೂರನೆಯದು, ಮೆಟ್ಟಿಲ ಕೆಳಗಿನ ಬೆಂಚುಗಳನ್ನು ತೆಗೆಸಬೇಕು. ನಾಲ್ಕನೆಯದು, ಪ್ರತಿ ತರಗತಿಯಿಂದ ಇಬ್ಬರಿಗೆ, ಒಬ್ಬ ಹುಡುಗ ಒಬ್ಬ ಹುಡುಗಿ, ಸಿಲಿಂಡರ್ ಬಳಸುವ ತರಬೇತಿ ಕೊಡಿಸಬೇಕು. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಗೆಳೆಯರಿಗೂ ಕೆಲವು ಮಾತು. ಬೆಂಕಿ ಕಂಡರೆ 101 ಅಥವಾ 112ಕ್ಕೆ ಕರೆ ಮಾಡಿ, ವಿಡಿಯೊ ಆಮೇಲೆ. ಊರಿನ ಹೆಸರಿನ ಜೊತೆ ದಾರಿಯ ಗುರುತು ಹೇಳಿ, ಗಾಡಿಗೆ ದಾರಿ ತೋರಿಸಲು ಒಬ್ಬರು ಮುಖ್ಯರಸ್ತೆಯಲ್ಲಿ ನಿಲ್ಲಿ. ಕೆಂಪು ಸಿಲಿಂಡರಿನ ಪಿನ್ ಎಳೆದು, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಎಡಬಲ ಆಡಿಸಬೇಕು. ಜ್ವಾಲೆಯ ತುದಿಗೆ ಹೊಡೆದರೆ ಪ್ರಯೋಜನವಿಲ್ಲ. ಎಣ್ಣೆಯ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಗ್ಯಾಸಿನ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ಕಿಟಕಿ ತೆರೆಯಬೇಕು. ದುಪಟ್ಟಾ, ಬುರ್ಖಾ, ಸೀರೆಗೆ ಬೆಂಕಿ ಹತ್ತಿದರೆ ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು. ಹೊಗೆ ತುಂಬಿದರೆ ಬಗ್ಗಿ ನೆಲಕ್ಕೆ ಹತ್ತಿರವಾಗಿ ಹೊರಬರಬೇಕು, ಏಕೆಂದರೆ ಹೊಗೆ ಮೇಲೇರುತ್ತದೆ. ರಮಜಾನಿನಲ್ಲಿ ಸಹರಿ ಅಡುಗೆ ನಿದ್ದೆಗಣ್ಣಿನಲ್ಲಿ ಆಗುತ್ತದೆ. ಆಗ ಅಮ್ಮನ ಜೊತೆ ಅಡುಗೆಮನೆಯಲ್ಲಿ ಇನ್ನೊಬ್ಬರು ಎದ್ದಿರಿ.

‘ಅಗ್ನಿ’ಯನ್ನು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನೋಡಿ. ಪ್ರತೀಕ್ ಗಾಂಧಿಯವರ ಅಭಿನಯಕ್ಕೆ ನೋಡಿ, ಅವನಿಯ ಪಾತ್ರಕ್ಕೆ ನೋಡಿ, ಎಲ್ಲಕ್ಕಿಂತ ಮೊದಲು ಅಗ್ನಿಶಾಮಕ ಠಾಣೆಯ ಮುಂದೆ ಹಾದುಹೋಗುವಾಗ ಒಳಗೆ ಕುಳಿತವರಿಗೆ ಒಂದು ಸಲಾಂ ಹೇಳುವ ಮನಸ್ಸು ಬರಲಿ ಎಂದು ನೋಡಿ. ಅಷ್ಟನ್ನು ಆ ಚಿತ್ರ ಮಾಡುತ್ತದೆ. ಅದು ಸಣ್ಣ ಕೆಲಸವಲ್ಲ. ಆದರೆ ಅಪರಾಧಿ ಸಿಕ್ಕ ಮೇಲೆ ಚಿತ್ರ ಮುಗಿಯಿತೆಂದು ಎದ್ದು ಹೋಗುವ ಮುಂಚೆ ನಿಮ್ಮ ಮನೆಯ ರೆಗ್ಯುಲೇಟರ್ ಬಂದ್ ಇದೆಯೇ, ನೀವು ಕುಳಿತಿರುವ ಕಟ್ಟಡದ ಎರಡನೇ ಬಾಗಿಲು ಎಲ್ಲಿದೆ, ಅದರ ಕೀಲಿ ಯಾರ ಹತ್ತಿರ ಇದೆ ಎಂದು ಒಮ್ಮೆ ವಿಚಾರಿಸಿ.